ಬಂಗಲೆಗೆ ಕಾಂಪೌಂಡೇ ಕಂಟಕ

ರೆಸಿಡೆನ್ಸಿ ರಸ್ತೆಯಲ್ಲಿ ಮೇಯೋ ಹಾಲ್ ಎದುರಿಗೆ ವಿಕ್ಟೋರಿಯಾ ಹೋಟೆಲ್ ಇದ್ದದ್ದು ಐವತ್ತು ದಾಟಿದ ಬೆಂಗಳೂರಿಗರಿಗೆ ಚೆನ್ನಾಗಿ ನೆನಪಿದೆ. ಹಳೆಯ ಬಂಗಲೆ, ಮುಂದೆ ವಿಶಾಲವಾದ ಅಂಗಳ, ದೊಡ್ಡ ಮರಗಳು. ಪರ ಊರಿನಿಂದ ಬಂದವರಿಗೆ ಕೋಣೆ ಸಿಗುತ್ತಿತ್ತು, ಊರಿನವರಿಗೆ ಮರದ ನೆರಳಲ್ಲಿ ಕೂರುವ ಸುಖ ಸಿಗುತ್ತಿತ್ತು. 2000ದ ದಶಕದಲ್ಲಿ ಅದು ನೆಲಸಮವಾಗಿ ಆ ಜಾಗದಲ್ಲಿ ‘ಬೆಂಗಳೂರು ಸೆಂಟ್ರಲ್’ ಎಂಬ ಮಾಲ್ ಎದ್ದಿತು.

ಅಲ್ಲಿಂದ ಕೆಲವೇ ಮೈಲಿ ದೂರದ ರೇಸ್‌ಕೋರ್ಸ್ ರಸ್ತೆಯಲ್ಲಿ ಇನ್ನೊಂದು ಹಳೆಯ ಹೋಟೆಲ್ ಇದೆ. 1887ರಲ್ಲಿ ಶ್ರೀಮತಿ ಬ್ರಾನ್ಸನ್ ಎಂಬಾಕೆ ಹತ್ತು ಕೋಣೆಗಳ ವಸತಿಗೃಹವಾಗಿ ಶುರುಮಾಡಿದ್ದು ಇಂದಿನ ತಾಜ್ ವೆಸ್ಟ್ ಎಂಡ್. ಸುಮಾರು ಇಪ್ಪತ್ತು ಎಕರೆ ತೋಟದ ನಡುವೆ ಅದು ಇಂದಿಗೂ ಅತಿಥಿಗಳನ್ನು ಕರೆಯುತ್ತಿದೆ, ಬಾಡಿಗೆ ಮಾತ್ರ ಬ್ರಾನ್ಸನ್ ಮೇಡಂ ಕನಸಿನಲ್ಲೂ ಎಣಿಸದಷ್ಟು.

ಎರಡೂ ಹಳೆಯವೇ, ಎರಡೂ ಪ್ರವಾಸಿಗರಿಗೆ ಹಾಸಿಗೆ ಹಾಸಿಕೊಟ್ಟವೇ. ಒಂದು ಹೋಯಿತು, ಒಂದು ಉಳಿಯಿತು. ಏಕೆ ಎಂದು ಕೇಳಿದರೆ ಥಟ್ಟನೆ ಬರುವ ಉತ್ತರ: ನಮ್ಮವರಿಗೆ ಹಳೆಯದರ ಬೆಲೆ ಗೊತ್ತಿಲ್ಲ. ಇದು ಸುಲಭದ ಉತ್ತರ, ಪೂರ್ತಿ ನಿಜವಲ್ಲ. ಬೆಲೆ ಗೊತ್ತಿರುವುದೇ ತೊಂದರೆ ಎನ್ನಬೇಕು. ದಂಡು ಪ್ರದೇಶದಲ್ಲಿ ಬಂಗಲೆಗೆ ಕಂಟಕವಾದದ್ದು ಅದರ ಮುಪ್ಪಲ್ಲ, ಅದರ ಕಾಂಪೌಂಡು.

ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಪಡೆಯನ್ನು ಬೆಂಗಳೂರಿಗೆ ತಂದು ಕಂಟೋನ್ಮೆಂಟ್ ಕಟ್ಟಿದ್ದು 1809ರಲ್ಲಿ. ಪೇಟೆಯ ಜನ ಅದನ್ನು ‘ದಂಡು’ ಎಂದರು. ಅಲ್ಲಿನ ರೈಲ್ವೆ ನಿಲ್ದಾಣವನ್ನು ಹಿರಿಯರು ಇಂದಿಗೂ ದಂಡು ಸ್ಟೇಷನ್ ಎಂದೇ ಕರೆಯುತ್ತಾರೆ. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದರೆ ದಂಡಿನಲ್ಲಿ ಪ್ರತಿ ಬಂಗಲೆಯೂ ತನ್ನ ಸುತ್ತ ಒಂದು ಸಣ್ಣ ಹಳ್ಳಿಯನ್ನೇ ಇಟ್ಟುಕೊಂಡಿತ್ತು. ಎದುರಿಗೆ ಹೂದೋಟ, ಗಾಡಿ ಬಂದು ನಿಲ್ಲಲು ಪೋರ್ಟಿಕೊ, ಹಿಂದೆ ಕುದುರೆ ಲಾಯ, ಬಾವಿ, ಆಳುಗಳ ಸಾಲುಮನೆ, ಹೊಗೆ ಬರಬಾರದೆಂದು ದೂರದಲ್ಲಿ ಕಟ್ಟಿದ ಅಡುಗೆಮನೆ. ಕಿಟಕಿಗಳ ಮೇಲೆ ಚೂಪು ಟೋಪಿಯಂತೆ ಮುಂಚಾಚಿದ ಮರದ ಪಟ್ಟಿಗಳ ಮಾಡು. ಅದಕ್ಕೆ ಬೆಂಗಳೂರಿಗರು ಇಟ್ಟ ಹೆಸರು ಮಂಕಿ ಟಾಪ್. 1896ರಲ್ಲಿ ಇಲ್ಲಿಗೆ ಬಂದ ತರುಣ ಸೈನ್ಯಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಇಬ್ಬರು ಸಂಗಡಿಗರೊಂದಿಗೆ ಇಂಥದೇ ಒಂದು ಬಂಗಲೆಯಲ್ಲಿದ್ದ; ಅಲ್ಲಿನ ಗುಲಾಬಿ ತೋಟದ ಬಗ್ಗೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆತ ಉಳಿಸಿಹೋದ 13 ರೂಪಾಯಿ ಬಾಕಿಯನ್ನು ವಸೂಲಾಗದ ಸಾಲವೆಂದು ಬರೆದಿಟ್ಟ 1899ರ ದಾಖಲೆಯನ್ನು ಬೆಂಗಳೂರು ಕ್ಲಬ್ ಈಗ ಆಸ್ತಿಯಂತೆ ಕಾಪಾಡಿಕೊಂಡಿದೆ.

ಈಗ ಲೆಕ್ಕಕ್ಕೆ ಬರೋಣ. ಇವು ಉದಾಹರಣೆಗೆ ಹಿಡಿದ ಅಂಕಿಗಳು, ಯಾವ ಒಂದು ಮನೆಯವೂ ಅಲ್ಲ. ಒಂದು ಎಕರೆ ಎಂದರೆ 43,560 ಚದರಡಿ. ಅದರಲ್ಲಿ ಬಂಗಲೆ ನಿಂತಿರುವುದು ಐದಾರು ಸಾವಿರ ಚದರಡಿಯ ಮೇಲೆ, ಉಳಿದದ್ದೆಲ್ಲ ಮರ, ಹುಲ್ಲು, ಔಟ್‌ಹೌಸು. ಮನೆಯ ಯಜಮಾನರು ಅದನ್ನು ಉಳಿಸಿಕೊಳ್ಳಬೇಕೆಂದು ಆರು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆನ್ನಿ. ಕೋಣೆಗೆ ದಿನಕ್ಕೆ ಐದು ಸಾವಿರ ರೂಪಾಯಿ, ವರ್ಷದ ಪ್ರತಿ ನೂರು ದಿನಗಳಲ್ಲಿ ಅರವತ್ತು ದಿನ ಕೋಣೆ ತುಂಬಿತು ಎಂದರೆ ವರ್ಷಕ್ಕೆ ಸುಮಾರು 66 ಲಕ್ಷ ಬರುತ್ತದೆ. ಅಡುಗೆಯವರು, ಮಾಲಿ, ದೋಬಿ, ತೆರಿಗೆ, ಸುಣ್ಣಬಣ್ಣ ಕಳೆದು ಅರ್ಧ ಉಳಿದರೆ ಪುಣ್ಯ. ಅದೇ ಎಕರೆಗೆ ಚದರಡಿಗೆ 20,000 ರೂಪಾಯಿ ಬೆಲೆ ಕಟ್ಟಿದರೂ 87 ಕೋಟಿ. ಅದನ್ನು ಬ್ಯಾಂಕಿನಲ್ಲಿ ಇಟ್ಟು ನೂರಕ್ಕೆ ಆರರಂತೆ ಬಡ್ಡಿ ತಿಂದರೆ ವರ್ಷಕ್ಕೆ ಐದು ಕೋಟಿಗೂ ಮೇಲೆ. ಮೂರು ಜನ ಅಣ್ಣತಮ್ಮಂದಿರು ಪಾಲಿಗೆ ಕೂತಾಗ ಗುಲಾಬಿ ತೋಟದ ಪರವಾಗಿ ಯಾರು ಮಾತಾಡುತ್ತಾರೆ?

ವೆಸ್ಟ್ ಎಂಡ್ ಉಳಿದದ್ದರ ಗುಟ್ಟೂ ಈ ಲೆಕ್ಕದಲ್ಲೇ ಇದೆ. ಇಪ್ಪತ್ತು ಎಕರೆಯಲ್ಲಿ ಹಳೆಯ ಕಟ್ಟಡವನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಸಾಲುಗಳನ್ನು ಕಟ್ಟಬಹುದಿತ್ತು, ಕಟ್ಟಿದರು. ಹೊಸ ಕೋಣೆಗಳ ಬಾಡಿಗೆ ಹಳೆಯ ಕಟ್ಟಡದ ರಿಪೇರಿಗೆ ಒದಗುತ್ತದೆ. ಹಳೆಯ ಕಟ್ಟಡದ ಹೆಸರು ಹೊಸ ಕೋಣೆಗಳ ಬಾಡಿಗೆಯನ್ನು ಏರಿಸುತ್ತದೆ. ಗುಜರಾತಿನ ಗೊಂಡಲ್ ರಾಜಮನೆತನದ ಜಯಮಹಲ್ ಪ್ಯಾಲೆಸ್ ಕಂಟೋನ್ಮೆಂಟ್ ನಿಲ್ದಾಣಕ್ಕೆ ಹತ್ತಿರದಲ್ಲೇ ಹೋಟೆಲಾಗಿ ನಿಂತಿರುವುದರ ಹಿಂದೆಯೂ ಅಂಥದೇ ದೊಡ್ಡ ಜಾಗವಿದೆ. ಒಂದು ಎಕರೆ, ಎರಡು ಎಕರೆಯವರಿಗೆ ಈ ಉಪಾಯ ನಡೆಯದು. ಉಳಿಯುವುದಕ್ಕೆ ಒಂದೋ ತೀರಾ ದೊಡ್ಡದಾಗಿರಬೇಕು, ಇಲ್ಲವೇ ಮಾರಲು ಬಾರದ್ದಾಗಿರಬೇಕು.

ಮಾರಲು ಬಾರದ ಆಸ್ತಿ ನಮ್ಮಲ್ಲಿ ಹೊಸದೇನಲ್ಲ. ಛತ್ರ ಕಟ್ಟಿಸಿದವರು ಅದನ್ನೇ ಮಾಡಿದ್ದು. ಹತ್ತೊಂಬತ್ತನೇ ಶತಮಾನದ ಕೊನೆಗೆ ವ್ಯಾಪಾರಿ ಗುಬ್ಬಿ ತೋಟದಪ್ಪನವರು ಸಿಟಿ ರೈಲ್ವೆ ನಿಲ್ದಾಣದ ಬಳಿ ಜಾಗ ಕೊಂಡು ಪ್ರಯಾಣಿಕರಿಗೆ, ಓದುವ ಹುಡುಗರಿಗೆ ಧರ್ಮಛತ್ರ ಕಟ್ಟಿಸಿ ದತ್ತಿಗೆ ಬಿಟ್ಟರು. ವಂಶದವರು ಪಾಲು ಕೇಳುವ ಬಾಗಿಲನ್ನೇ ಮುಚ್ಚಿದಂತಾಯಿತು. ಮಸೀದಿಗಳ ಮುಸಾಫಿರ್‌ಖಾನೆ, ಮಠಗಳ ವಸತಿ, ಊರೂರಿನ ಅರವಟ್ಟಿಗೆ ಎಲ್ಲದರ ಹಿಂದೆಯೂ ಇದೇ ವಿವೇಕ. ಇಂಗ್ಲೆಂಡಿನಲ್ಲಿ ಜಾನ್ ಸ್ಮಿತ್ ಎಂಬವರು 1965ರಲ್ಲಿ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಸ್ಥಾಪಿಸಿ, ಬೀಳಲಿದ್ದ ಕೋಟೆಬುರುಜು, ಗಿರಣಿ, ತೋಟದ ಮನೆಗಳನ್ನು ಕೊಂಡು, ರಿಪೇರಿ ಮಾಡಿ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವ ಪದ್ಧತಿ ಹಾಕಿದರು. ಈಗ ಅವರ ಬಳಿ ಹತ್ತಿರ ಹತ್ತಿರ ಇನ್ನೂರು ಕಟ್ಟಡಗಳಿವೆ. ಛತ್ರದಲ್ಲಿ ದುಡ್ಡು ಕೇಳುತ್ತಿರಲಿಲ್ಲ, ಅಲ್ಲಿ ಕೇಳುತ್ತಾರೆ. ಉಳಿದಂತೆ ಬುದ್ಧಿ ಒಂದೇ: ಜಾಗವನ್ನು ಸಂತೆಯಿಂದ ಹೊರಗಿಡು, ಮನೆಯೊಳಗೆ ಜನರನ್ನು ಬಿಡು.

ಮಾರಲು ಬಾರದ ಇನ್ನೊಂದು ಬಗೆಯ ಆಸ್ತಿ ಸರ್ಕಾರದ್ದು. ಅದರ ಕಥೆ ಬೇರೆ. ಅರಮನೆ ರಸ್ತೆಯ ಬಾಲಬ್ರೂಯಿ ಅತಿಥಿಗೃಹವನ್ನು ಕಮಿಷನರ್ ಮಾರ್ಕ್ ಕಬ್ಬನ್ 1850ರ ದಶಕದಲ್ಲಿ ಕಟ್ಟಿಸಿದರು. ವಿಶ್ವೇಶ್ವರಯ್ಯನವರು, ದೇವರಾಜ ಅರಸರು ಅಲ್ಲಿ ವಾಸವಾಗಿದ್ದರು. 1928ರಲ್ಲಿ ರವೀಂದ್ರನಾಥ ಟಾಗೋರರು ಅಲ್ಲಿ ಉಳಿದು ‘ಶೇಷೇರ್ ಕವಿತಾ’ ಕಾದಂಬರಿ ಮುಗಿಸಿದರು. ಇಷ್ಟೆಲ್ಲ ಹೆಸರಿದ್ದ ಮನೆಯನ್ನೂ ಶಾಸಕರ ಕ್ಲಬ್ ಮಾಡುವ ಪ್ರಸ್ತಾಪ ಒಂದಲ್ಲ ಎರಡು ಸಲ ಬಂತು, ಮರ ಉಳಿಸಿ ಎಂದು ಜನ ಬೀದಿಗಿಳಿದರು. ಕಟ್ಟಡ ನಿಂತಿದೆ. ಆದರೆ ಬೆಂಗಳೂರಿನ ಎಷ್ಟು ಜನ ಅದರ ಹೊಸ್ತಿಲು ದಾಟಿದ್ದಾರೆ? ಕಾಣದ ಮನೆಗಾಗಿ ಹೋರಾಡುವ ಜನ ಯಾವ ಊರಿನಲ್ಲೂ ಕಡಿಮೆಯೇ. ಸ್ಪೇನಿನ ಸರ್ಕಾರ 1928ರಲ್ಲಿ, ಟಾಗೋರರು ಬಾಲಬ್ರೂಯಿಯಲ್ಲಿ ಕೂತು ಬರೆಯುತ್ತಿದ್ದ ಅದೇ ವರ್ಷ, ಗ್ರೆಡೋಸ್ ಬೆಟ್ಟದಲ್ಲಿ ತನ್ನ ಮೊದಲ ಪ್ರವಾಸಿ ಗೃಹ ತೆರೆಯಿತು. ಆಮೇಲೆ ಕೋಟೆ, ಮಠ, ಅರಮನೆಗಳನ್ನು ಒಂದೊಂದಾಗಿ ‘ಪರದೋರ್’ ಎಂಬ ಸರ್ಕಾರಿ ಹೋಟೆಲುಗಳನ್ನಾಗಿ ಮಾಡಿತು. ದುಡ್ಡು ಕೊಟ್ಟ ಯಾರು ಬೇಕಾದರೂ ರಾಜನ ಕೋಣೆಯಲ್ಲಿ ಮಲಗಬಹುದು.

ನಮ್ಮಲ್ಲೂ ಅದಕ್ಕೆ ಹತ್ತಿರವಾದದ್ದು ಇದೆ, ಅದು ಊರಾಚೆ. ಕಬ್ಬನ್ ಸಾಹೇಬರಿಗೆ ಬೇಸಿಗೆ ಕಳೆಯಲು ನಂದಿಬೆಟ್ಟ ಬೇಕಾಗಿತ್ತು. ಅವರ ಕಾಲದ ಬಂಗಲೆಗಳೇ ಮುಂದೆ ಸರ್ಕಾರಿ ಅತಿಥಿಗೃಹಗಳಾದವು. 1927ರಲ್ಲಿ ಕಾಯಿಲೆಬಿದ್ದ ಗಾಂಧೀಜಿ ಅಲ್ಲಿ ಸುಮಾರು ಒಂದೂವರೆ ತಿಂಗಳು ಸುಧಾರಿಸಿಕೊಂಡರು, 1936ರಲ್ಲಿ ಮತ್ತೆ ಬಂದರು. ಅದೇ ಬೆಟ್ಟದಲ್ಲಿ ಸಾಮಾನ್ಯ ಪ್ರವಾಸಿಗನೂ ಕೋಣೆ ಹಿಡಿಯುವ ವ್ಯವಸ್ಥೆ ಬಹುಕಾಲದಿಂದ ನಡೆದು ಬಂದಿದೆ. ಕಬಿನಿ ದಂಡೆಯ ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆಯ ಬಂಗಲೆಯನ್ನೂ ವೈಸರಾಯ್‌ಗಾಗಿ ಇದ್ದ ಬಂಗಲೆಯನ್ನೂ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ 1980ರ ದಶಕದಿಂದ ನಡೆಸುತ್ತಿದೆ. ವೈಸರಾಯ್ ಉಳಿಯಲೆಂದೇ 1921ರಲ್ಲಿ ಕಟ್ಟಲು ತೊಡಗಿದ ಮೈಸೂರಿನ ಲಲಿತಮಹಲ್ 1974ರಲ್ಲೇ ಹೋಟೆಲಾಯಿತು. ಲೋಕೋಪಯೋಗಿ ಇಲಾಖೆಯ ಇನ್‌ಸ್ಪೆಕ್ಷನ್ ಬಂಗಲೆ, ಅಂದರೆ ಐ.ಬಿ.ಗಳನ್ನಂತೂ ಮರೆಯುವ ಹಾಗಿಲ್ಲ. ಎತ್ತರದ ಮಾಡು, ಬೆತ್ತದ ಕುರ್ಚಿ, ಹೇಳಿಕಳಿಸಿದರೆ ಕೋಳಿಸಾರು ಮಾಡಿಕೊಡುವ ಮೇಟಿ. ಮಲೆನಾಡಿನ ಕಡೆ ತಿರುಗಿದ ಹಳೆಯ ನೌಕರರನ್ನು ಕೇಳಿದರೆ ಊರಿನ ಹೆಸರಿಗಿಂತ ಮೊದಲು ಅಲ್ಲಿನ ಮೇಟಿಯ ಹೆಸರು ಹೇಳುತ್ತಾರೆ.

ಹಳ್ಳಿಯಲ್ಲಿ ಇದು ಸಾಧ್ಯವಾಗುತ್ತದೆ, ದಂಡಿನಲ್ಲಿ ಆಗುವುದಿಲ್ಲ ಎಂಬುದಕ್ಕೆ ಕಾರಣ ಹಳ್ಳಿಗರ ಪರಂಪರೆಯ ಪ್ರೀತಿಯಲ್ಲ, ಅಲ್ಲಿನ ನೆಲದ ದರ. ಹಾಗಾದರೆ ಹಳ್ಳಿಯೇ ಊರಾಗಿಬಿಟ್ಟರೆ? ಅದನ್ನು ನೋಡಬೇಕಿದ್ದರೆ ನೇರಳೆ ಬಣ್ಣದ ಮೆಟ್ರೊ ಹತ್ತಿ ಪೂರ್ವಕ್ಕೆ ಹೋದರೆ ಸಾಕು.

ಈ ಮೆಟ್ರೊ ದಾರಿ ಕೃಷ್ಣರಾಜಪುರದವರೆಗೆ ಹೆಚ್ಚುಕಡಿಮೆ ಹಳೆಯ ಮದ್ರಾಸ್ ರಸ್ತೆಯ ಬೆನ್ನು ಹಿಡಿದೇ ಹೋಗುತ್ತದೆ. ಎಂ.ಜಿ. ರಸ್ತೆ ನಿಲ್ದಾಣ ನಿಂತಿರುವುದು 1936ರ ಪ್ಲಾಜಾ ಚಿತ್ರಮಂದಿರದ ಜಾಗದಲ್ಲಿ. ಮುಂದೆ ಹಲಸೂರು: ಸೋಮೇಶ್ವರ ದೇವಸ್ಥಾನ, ಕೆರೆ, ಸಂದಿಗೊಂದಿ. ಇಲ್ಲಿ ಮೊದಲಿನಿಂದಲೂ ಕಾಂಪೌಂಡೆಂಬುದು ಕಡಿಮೆ, ಆದ್ದರಿಂದ ಹಳೆಯ ಮನೆಗಳು ದೊಡ್ಡ ಬಂಗಲೆಗಳಿಗಿಂತ ಜಾಸ್ತಿ ಬಾಳಿದವು ಎಂಬುದು ಸ್ವಲ್ಪ ವಿಚಿತ್ರವಾದರೂ ನಿಜ. ಇಂದಿರಾನಗರದಲ್ಲಿ ಬಂಗಲೆಯ ಪ್ರಶ್ನೆಯೇ ಇಲ್ಲ, ಅದು ಸ್ವಾತಂತ್ರ್ಯಾನಂತರದ ಬಡಾವಣೆ. ಆದರೂ ನಿವೃತ್ತರು ಕಟ್ಟಿಕೊಂಡ ತೋಟದ ಮನೆಗಳು ಮೆಟ್ರೊ ಬಂದ 2011ರ ಆಚೀಚೆ ಹೋಟೆಲು, ಪಬ್ಬುಗಳಾದ ವೇಗ ನೋಡಿದರೆ ನೂರು ವರ್ಷದ ಕಥೆಯನ್ನು ಹತ್ತೇ ವರ್ಷದಲ್ಲಿ ಓದಿ ಮುಗಿಸಿದಂತಿದೆ. ಕೃಷ್ಣರಾಜಪುರದ ತೂಗುಸೇತುವೆ ದಾಟಿದರೆ ಗಾಜಿನ ಕಚೇರಿಗಳ ಸಾಲು, ಅದರಾಚೆ ವೈಟ್‌ಫೀಲ್ಡ್.

ವೈಟ್‌ಫೀಲ್ಡ್ ಹುಟ್ಟಿದ್ದು ಹಳ್ಳಿಯಾಗಿ, ಅದೂ ಯೋಜಿಸಿ ಕಟ್ಟಿದ ಹಳ್ಳಿಯಾಗಿ. 1882ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಬಂತು. ನೌಕರಿಯಿಂದ ನಿವೃತ್ತರಾದ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ, ಹೈನು ಮಾಡಿಕೊಂಡು ಸ್ವಂತ ಕಾಲಮೇಲೆ ನಿಲ್ಲಲಿ ಎಂಬುದು ಉದ್ದೇಶ. ಊರಿನ ನಕ್ಷೆಯೇ ಚೆಂದ: ನಡುವೆ ಮೈದಾನ, ಸುತ್ತ ಉಂಗುರದಂತೆ ಒಳವೃತ್ತದ ರಸ್ತೆ, ಅದರ ಅಂಚಿಗೆ ತೋಟದ ಮನೆಗಳು, ಅದರಾಚೆ ಹೊರವೃತ್ತ. 1886ರ ಮೆಮೋರಿಯಲ್ ಚರ್ಚ್ ಇಂದಿಗೂ ಇದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿದ್ದ ಮನೆಗಳು ಐವತ್ತಕ್ಕೂ ಕಡಿಮೆ.

ಇಷ್ಟು ಪುಟ್ಟ ಊರಿಗೆ ಒಂದು ವಸತಿಗೃಹ ಇತ್ತು. ಹ್ಯಾಮಿಲ್ಟನ್ ಎಂಬವರು ಒಳವೃತ್ತದಲ್ಲಿ ನಡೆಸುತ್ತಿದ್ದ ವೇವರ್ಲಿ ಇನ್. ದಂಡಿನವರಿಗೆ ಗಾಳಿ ಬದಲಾವಣೆ ಬೇಕೆನಿಸಿದಾಗ ಬರಲು ಅದು ಅನುಕೂಲದ ಜಾಗ. 1864ರಲ್ಲಿ ಶುರುವಾದ ಜೋಲಾರಪೇಟೆ ರೈಲುದಾರಿ ಹತ್ತಿರದಲ್ಲೇ ಹಾದುಹೋಗುತ್ತಿತ್ತು; ನಿಲ್ದಾಣದಲ್ಲಿ ಇಳಿದು ಎತ್ತಿನಗಾಡಿಯೋ ಜಟಕಾವೋ ಹಿಡಿದರಾಯಿತು. ಚರ್ಚಿಲ್ ಇಲ್ಲಿಗೆ ಬರುತ್ತಿದ್ದ, ಯಜಮಾನರ ಮಗಳಲ್ಲಿ ಅವನಿಗೆ ಮನಸ್ಸಿತ್ತು ಎಂದು ವೈಟ್‌ಫೀಲ್ಡಿನಲ್ಲಿ ಹೇಳುತ್ತಾರೆ. ಚರ್ಚಿಲ್ ಹೆಸರಿಗೆ ಅಂಟಿಕೊಂಡ ಬೆಂಗಳೂರಿನ ಕಥೆಗಳಲ್ಲಿ ಅರ್ಧದಷ್ಟು ಹೀಗೆ ಬಾಯಿಂದ ಬಾಯಿಗೆ ಬಂದವೇ, 13 ರೂಪಾಯಿ ಬಾಕಿಯದ್ದು ಮಾತ್ರ ಕಾಗದದಲ್ಲಿದೆ. ಕಥೆ ನಿಜವಿರಲಿ ಬಿಡಲಿ, ವಾರದ ಕೊನೆಗೆ ಊರು ಬಿಟ್ಟು ಹಳ್ಳಿಯ ವಸತಿಗೆ ಓಡುವ ಅಭ್ಯಾಸ ಬೆಂಗಳೂರಿಗೆ ಸಾಫ್ಟ್‌ವೇರಿನವರು ತಂದದ್ದಲ್ಲ ಎಂಬುದಂತೂ ಖಾತ್ರಿ.

ಸುಮಾರು ನೂರು ವರ್ಷ ವೈಟ್‌ಫೀಲ್ಡ್ ಹಾಗೇ ಮಲಗಿತ್ತು. 1990ರ ದಶಕದ ಕೊನೆಗೆ ಪಕ್ಕದಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ತಲೆಯೆತ್ತಿತು. 2023ರ ಮಾರ್ಚಿನಲ್ಲಿ ಕೃಷ್ಣರಾಜಪುರದಿಂದ ಕಾಡುಗೋಡಿಗೆ ಮೆಟ್ರೊ ಬಂತು, ಅಕ್ಟೋಬರಿನಲ್ಲಿ ಅದು ಊರಿನ ನಡುಭಾಗಕ್ಕೆ ಕೂಡಿಕೊಂಡಿತು. ಟೆಕ್ ಪಾರ್ಕಿಗೂ ಮೆಟ್ರೊಗೂ ನಡುವಿನ ಇಪ್ಪತ್ತೈದು ವರ್ಷಗಳಲ್ಲಿ ಒಳವೃತ್ತದ ತೋಟದ ಮನೆಗಳ ಜಾಗದಲ್ಲಿ ಒಂದೊಂದಾಗಿ ವಿಲ್ಲಾ, ಅಪಾರ್ಟ್‌ಮೆಂಟುಗಳು ಬಂದವು. ಹಳ್ಳಿಯ ದರದಲ್ಲಿ ಬದುಕಿದ್ದ ಮನೆಗಳು ಊರಿನ ದರಕ್ಕೆ ಸಿಕ್ಕಿಬಿದ್ದವು. ಉಳಿದಿರುವ ಕೆಲವನ್ನು ಕಾಯುತ್ತಿರುವುದು ಕಾನೂನಲ್ಲ, ಮನೆಯೊಡೆಯರ ಹಟ.

ಕಾನೂನು ಏನು ಮಾಡಬಹುದು? ಮುಂಬಯಿ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮ ತಂದು, ಕಟ್ಟಡ ಉಳಿಸಿಕೊಂಡವರು ತಮ್ಮ ಜಾಗದಲ್ಲಿ ಕಟ್ಟದೇ ಬಿಟ್ಟ ಅಳತೆಯ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಿಕೊಳ್ಳಲು ದಾರಿ ಮಾಡಿತು. ಹೀಗೆ ಮಾರಬಹುದಾದ ಹಕ್ಕಿಗಿರುವ ಟಿಡಿಆರ್ ಎಂಬ ಹೆಸರು ಬೆಂಗಳೂರಿಗರಿಗೂ ಗೊತ್ತು, ರಸ್ತೆ ಅಗಲ ಮಾಡಲು ಜಾಗ ಬಿಟ್ಟವರಿಗೆ ಕೊಡುವ ಕಾಗದವೆಂದು. ಬಂಗಲೆಯ ಮಟ್ಟಿಗೆ ರೋಗದ ಬೇರಿಗೆ ತಾಕುವ ಮದ್ದು ಇದೊಂದೇ ಎಂದು ತೋರುತ್ತದೆ, ಏಕೆಂದರೆ ಕಾಂಪೌಂಡಿನ ಬೆಲೆಯನ್ನು ಕಾಂಪೌಂಡು ಮುಟ್ಟದೆ ಕೈಗೆ ಕೊಡುತ್ತದೆ. ಫಲಕ ನೆಡುವುದು, ಪಾರಂಪರಿಕ ನಡಿಗೆ ಏರ್ಪಡಿಸುವುದು ಒಳ್ಳೆಯ ಕೆಲಸಗಳೇ, ಐದು ಕೋಟಿ ಬಡ್ಡಿಯ ಎದುರು ಅವು ನಿಲ್ಲಲಾರವು.

ಕೃಷ್ಣರಾಜಪುರ ದಾಟಿ ಹೊಸಕೋಟೆ, ಕೋಲಾರದ ದಿಕ್ಕಿಗೆ ಹೋದಂತೆ ಲೆಕ್ಕ ನಿಧಾನವಾಗಿ ಮನೆಯ ಕಡೆ ವಾಲುತ್ತದೆ. ಅಲ್ಲಿಯ ಹಳ್ಳಿಗಳಲ್ಲಿ ಕಲ್ಲುಕಂಬದ ಜಗುಲಿಯ ತೊಟ್ಟಿಮನೆಗಳು ಇನ್ನೂ ಇವೆ. ಅವುಗಳ ಒಡೆಯರು ಪ್ರವಾಸಿಗರಿಗೆ ಕೋಣೆ ಕೊಡಲು ಮನಸ್ಸು ಮಾಡಿದರೆ ಎದುರಿಗೆ ಎರಡು ದಾರಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪಟ್ಟಿಯಲ್ಲಿ ‘ಹೆರಿಟೇಜ್ ಹೋಟೆಲ್’ ಎನಿಸಿಕೊಳ್ಳಲು ಮನೆ 1950ಕ್ಕಿಂತ ಹಿಂದಿನದಾಗಿರಬೇಕು, ಕನಿಷ್ಠ ಐದು ಕೋಣೆ ಬಾಡಿಗೆಗೆ ಇರಬೇಕು. ಹೋಮ್‌ಸ್ಟೇ ಎನಿಸಿಕೊಳ್ಳಲು ಕೇಂದ್ರದ ಯೋಜನೆಯಲ್ಲಿ ಒಂದು ಕೋಣೆಯೂ ಸಾಕು, ಆರು ದಾಟುವಂತಿಲ್ಲ, ಆದರೆ ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು. ತೊಟ್ಟಿಮನೆಗೆ ಹೊಂದುವುದು ಎರಡನೆಯದು. ಕಾಫಿ ಬೆಲೆ ಕುಸಿದ ಕಾಲದಲ್ಲಿ ಕೊಡಗಿನವರು ಹಿಡಿದು ಗೆದ್ದ ದಾರಿಯೂ ಅದೇ. ಅಲ್ಲಿ ಹೆಸರು ತಂದದ್ದು ಹಳೆಯ ಮನೆಗಿಂತ ಮನೆಯವರ ಕೈ ಅಡುಗೆ. ಮನೆಯವರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೂತು ಆಳಿನ ಕೈಗೆ ಕೀಲಿ ಕೊಟ್ಟ ಕಡೆಗಳಲ್ಲಿ ಹೆಸರು ಕೆಟ್ಟದ್ದೂ ಉಂಟು.

ಇನ್ನು ಉಳಿಯುವುದು ಬಚ್ಚಲಿನ ವಿಚಾರ. ನಗುವಂಥದ್ದಲ್ಲ ಇದು, ಹಳೆಯ ಮನೆಗಳನ್ನು ವಸತಿಗೆ ಒಗ್ಗಿಸುವಾಗ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ. ಪ್ರವಾಸಿಗೆ ಕೋಣೆಗೊಂದು ಅಟ್ಯಾಚ್ಡ್ ಬಾತ್‌ರೂಮ್ ಬೇಕು. ದಂಡಿನ ಬಂಗಲೆಯ ಚಾವಣಿ ಬಹುಮಟ್ಟಿಗೆ ಮದ್ರಾಸ್ ಟೆರೇಸ್: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚು ಮೇಲಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂಡಿಸಿದ್ದು. ಮೇಲಿನ ಮಹಡಿಯಲ್ಲಿ ಹೊಸ ಬಚ್ಚಲು ಕಟ್ಟಿ ಅದು ಸ್ವಲ್ಪ ಸೋರಿತೆಂದರೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ, ಬಿರುಕು ಕಾಣುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಗೋಡೆ ಕೊರೆದು ಪೈಪು ಹಾಯಿಸಿ, ಮೇಲೆ ಸಿಮೆಂಟು ಬಳಿದರೆ ಇನ್ನೂ ಕೆಡುಕು. ಸುಣ್ಣದ ಗೋಡೆ ಹೀರಿದ ತೇವವನ್ನು ಗಾಳಿಗೆ ಬಿಟ್ಟು ಒಣಗುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ, ತೇವ ಒಳಗೇ ನಿಂತು ಗಾರೆಯನ್ನು ಪುಡಿ ಮಾಡುತ್ತದೆ. ತಿಳಿದವರು ಹಳೆಯ ಗೋಡೆಗಳನ್ನು ಮುಟ್ಟದೆ ಹಿಂಬದಿಯ ಜಗುಲಿಯಲ್ಲಿ ಪ್ರತ್ಯೇಕ ಬಚ್ಚಲು ಕಟ್ಟಿ, ಪೈಪುಗಳನ್ನು ಹೊರಗಿನಿಂದ ತರುತ್ತಾರೆ. ನೋಡಲು ಚೆಂದವಲ್ಲ, ಮನೆ ಮಾತ್ರ ಉಳಿಯುತ್ತದೆ.

ತೊಟ್ಟಿಮನೆಯವರಿಗೆ ಈ ತಲೆನೋವು ಅಷ್ಟಿಲ್ಲ. ಬಚ್ಚಲುಮನೆ, ಹಂಡೆ ಒಲೆ ಮೊದಲಿನಿಂದಲೂ ಹಿತ್ತಲಿನಲ್ಲಿ, ದನದ ಕೊಟ್ಟಿಗೆ ಪಕ್ಕದಲ್ಲಿ. ದನ ಕಮ್ಮಿಯಾದ ಮನೆಗಳಲ್ಲಿ ಕೊಟ್ಟಿಗೆ ಖಾಲಿ ಬಿದ್ದಿದೆ. ಅದರ ಕಲ್ಲುಗೋಡೆಯೊಳಗೆ ಎರಡು ಬಚ್ಚಲು, ಎರಡು ಪಾಯಿಖಾನೆ ಮಾಡಿಸಿ, ತೊಟ್ಟಿಯಿಂದ ಅಲ್ಲಿಯವರೆಗೆ ಹೆಂಚಿನ ಮಾಡು ಇಳಿಸಿ, ನೀರು ತೆಂಗಿನ ಬುಡಕ್ಕೆ ಹೋಗುವಂತೆ ಮಾಡಿದರೆ ಮುಖ್ಯ ಮನೆಯ ಒಂದು ಕಲ್ಲೂ ಅಲುಗುವುದಿಲ್ಲ. ರಾತ್ರಿ ಹತ್ತು ಹೆಜ್ಜೆ ನಡೆಯಬೇಕಾಗುತ್ತದೆ ಎಂದು ಬುಕಿಂಗ್ ಮಾಡುವಾಗಲೇ ಹೇಳಿಬಿಟ್ಟರೆ ಬೆಂಗಳೂರಿನಿಂದ ಬರುವವರು ತಕರಾರು ಮಾಡಲಿಕ್ಕಿಲ್ಲ.